ಕುಂಕುಮ ಇಟ್ಟು ಕರೆದ ಚಿತ್ರಪ್ರದರ್ಶನ

ಆ ಶುಕ್ರವಾರದ ಅಷ್ಟೂ ರಾಮಾಯಣಕ್ಕೆ ಮೂಲ ಒಂದು ಕೆಂಪು ಚುಕ್ಕೆ. ಅದೂ ಸುಳ್ಳು ಚುಕ್ಕೆ.

ಬೆಂಗಳೂರಿನ ಗ್ಯಾಲರಿಗಳಲ್ಲಿ ಒಂದು ಪದ್ಧತಿಯುಂಟು. ಚಿತ್ರ ಮಾರಾಟವಾಯಿತೆಂದರೆ ಅದರ ಮೂಲೆಯಲ್ಲಿ ಕೆಂಪು ಚುಕ್ಕೆಯ ಸ್ಟಿಕರ್ ಅಂಟಿಸುತ್ತಾರೆ. ನೋಡುವವರು ತಾವೇ ತಿಳಿದುಕೊಂಡು ಚುಕ್ಕೆಯಿಲ್ಲದ ಚಿತ್ರದ ಕಡೆ ಹೋಗುತ್ತಾರೆ. ಶಿಡ್ಲಘಟ್ಟದ ಅಂಬರೀಶ ಅವತ್ತು ಬೆಳಿಗ್ಗೆ, ಒಂದೂ ಮಾರಾಟವಾಗುವ ಮೊದಲೇ, ಬಾಗಿಲ ಪಕ್ಕದ ಚಿತ್ರಕ್ಕೆ ಒಂದು ಚುಕ್ಕೆ ಅಂಟಿಸಿಬಿಟ್ಟ. ಖಾಲಿ ಹೋಟೆಲಿಗೆ ಯಾರೂ ನುಗ್ಗುವುದಿಲ್ಲ, ಒಬ್ಬ ಕೂತು ದೋಸೆ ತಿನ್ನುತ್ತಿದ್ದರೆ ನಾಲ್ಕು ಜನ ಬರುತ್ತಾರೆ ಎಂಬ ಲೆಕ್ಕಾಚಾರ ಅವನದು. ಲೆಕ್ಕಾಚಾರವೇನೋ ಸರಿಯಾಗಿಯೇ ಇತ್ತು, ಪಾಪ. ಊರು ಬೇರೆಯಾಗಿತ್ತು, ಅಷ್ಟೆ.

ಅಂಬರೀಶನ ಕಸುಬು ಮೇಣದ ಚಿತ್ರ. ಜೇನುಮೇಣ ಕರಗಿಸಿ, ಬಣ್ಣ ಕಲಸಿ, ಬಿಸಿಬಿಸಿ ಇರುವಾಗಲೇ ಮರದ ಹಲಗೆಯ ಮೇಲೆ ಪದರ ಪದರವಾಗಿ ಬಳಿಯುತ್ತಾನೆ. ಪದರಗಳ ನಡುವೆ ತೂತುಬಿದ್ದ ರೇಷ್ಮೆಗೂಡು, ನೂಲಿನ ಸಿಕ್ಕು, ಹುಳು ಗೂಡು ಕಟ್ಟುವ ಚಂದ್ರಿಕೆಯ ಮುರಿದ ಬಿದಿರು, ಹೀಗೆ ಊರು ಕಸವೆಂದು ಎಸೆದದ್ದನ್ನೆಲ್ಲ ಹುದುಗಿಸುತ್ತಾನೆ. ಬೆಂಗಳೂರಿನವರು ಇದನ್ನು ಎನ್‌ಕಾಸ್ಟಿಕ್ ಮಿಕ್ಸೆಡ್ ಮೀಡಿಯಾ ಎಂದು ಕರೆದು ಕೊಂಡುಕೊಳ್ಳುತ್ತಾರೆ. ಶಿಡ್ಲಘಟ್ಟದವರು ಅವನನ್ನು ‘ಮೇಣದ ಅಂಬರೀಶ’ ಎಂದು ಕರೆದು ಸುಮ್ಮನಾಗುತ್ತಾರೆ. ದಾರಿಯಲ್ಲಿ ಸಿಕ್ಕವರು, “ಇನ್ನೂ ಮೇಣ ಕರಗಿಸ್ತಾನೇ ಇದೀಯೇನಪ್ಪಾ? ಅದ್ಸರಿ, ಕೆಲಸ ಏನ್ ಮಾಡ್ಕೊಂಡಿದೀಯಾ?” ಎಂದು ಕೇಳುತ್ತಾರೆ.

ಅವನ ಎದೆಯಲ್ಲಿ ಕೊರೆಯುತ್ತಿದ್ದದ್ದೂ ಅದೇ. ಪುದುಚೇರಿಯ ಗೋಡೆಯ ಮೇಲೆ ಅವನ ಚಿತ್ರವಿದೆ, ಕೊಚ್ಚಿಯಲ್ಲೂ ಇದೆ. ಹುಟ್ಟಿದೂರಿನ ಒಂದು ಗೋಡೆಯ ಮೇಲೂ ಇಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಹೆಂಡತಿ ರೂಪ ಒಳ್ಳೆಯವಳು, ಬಾಯಿ ಮಾತ್ರ ಸ್ವಲ್ಪ ನೇರ. “ನಮ್ಮೂರಲ್ಲಿ ಒಂದೇ ಒಂದು ಚಿತ್ರ ಮಾರಿ ಬನ್ನಿ ನೋಡಣ. ಆಮೇಲೆ ನೀವು ಹೇಳ್ದಂಗೆ ಕೇಳ್ತೀನಿ” ಎಂದಿದ್ದಳು. ಅದಕ್ಕೇ ಅವನು ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳ ಹಳೇ ಹಾಲೊಂದನ್ನು ಕೇಳಿ ಪಡೆದು, ಊರಲ್ಲಿ ಮೊದಲ ಸಲ ಪ್ರದರ್ಶನ ಇಟ್ಟದ್ದು.

ಚೆಂದದ ಕಾರ್ಡು ಹೊಡೆಸಿ ಹಂಚಿದ್ದ. ಪಕ್ಕದ ಮನೆಯ ವೆಂಕಟರತ್ನಮ್ಮ ಆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕುಬಿಟ್ಟಿದ್ದರು.

“ಕಾರ್ಡ್ ಕೊಟ್ರೆ ಯಾರ್ ಬರ್ತಾರೋ ನಾಯನಾ? ಮನೆಮನೆಗೆ ಹೋಗಿ ಕುಂಕುಮ ಇಟ್ಟು ಕರೀಬೇಕು. ನೀನ್ ಸುಮ್ನಿರು, ನಾನು ಕರೀತೀನಿ.”

ಬೇಡವೆನ್ನುವ ಧೈರ್ಯ ಅಂಬರೀಶನಿಗೆಲ್ಲಿ? ಅಮ್ಮ ತೀರಿಕೊಂಡಾಗಿನಿಂದ ಅವನ ಮನೆಗೆ ಸಾರು ಕಳಿಸಿದವರು ಈಕೆ. ಮೇಣದ ವಾಸನೆ ಯಾರಿಗೂ ಆಗದಿದ್ದಾಗ ತಮ್ಮ ತಾರಸಿಯ ಮೇಲಿನ ಶೆಡ್ಡು ಬಿಟ್ಟುಕೊಟ್ಟವರೂ ಇವರೇ. ಅವರಿಗೆ ಊರಲ್ಲಿ ಆಗದಿದ್ದದ್ದು ಒಂದೇ, ಪಂಕ್ತಿಭೇದ. ಒಬ್ಬರಿಗೆ ಬಡಿಸಿ ಇನ್ನೊಬ್ಬರನ್ನು ಬಿಟ್ಟರೆ ಅವರಿಗೆ ಅನ್ನ ಸೇರುವುದಿಲ್ಲ. ಕುಂಕುಮದ ಭರಣಿ ಹಿಡಿದು ಇಡೀ ಬೀದಿ ಸುತ್ತಿ ಬಂದಿದ್ದರು.

ಶುಕ್ರವಾರ ಹನ್ನೊಂದಕ್ಕೆ ಹೆಂಗಸರ ದಂಡು ಬಂದೇಬಂತು. ರೇಷ್ಮೆ ಸೀರೆ, ಮುಡಿತುಂಬ ಕನಕಾಂಬರ. ಅಂಬರೀಶನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನನ್ನ ಚಿತ್ರ ನೋಡುವುದಕ್ಕೆ ಇಷ್ಟು ಸಿಂಗಾರ ಮಾಡಿಕೊಂಡು ಬಂದಿದ್ದಾರಲ್ಲ! ಅವರು ಜಮಖಾನದ ಮೇಲೆ, ಚಿತ್ರಗಳಿಗೆ ಬೆನ್ನು ಕೊಟ್ಟು, ಸಾಲಾಗಿ ಕೂತರು.

“ಬಾಯಿ ಬಿಟ್ಕೊಂಡು ನಿಂತಿದೀಯಲ್ಲೋ! ಬಂದೋರಿಗೆ ಕಾಫಿ ಬೇಡ್ವಾ?” ಎಂದು ವೆಂಕಟರತ್ನಮ್ಮ ಗದರಿದರು. ಅಂಬರೀಶ ಫ್ಲಾಸ್ಕು ಹಿಡಿದು ಓಡಿದ.

ಅವನು ಕಾಫಿ ತುಂಬಿಸಿಕೊಂಡು ಮೆಟ್ಟಿಲು ಹತ್ತುವಾಗ, ಬಿಳಿ ಷರಟಿನ ದಪ್ಪನೆಯ ಮನುಷ್ಯನೊಬ್ಬ ಇಳಿದುಬರುತ್ತಿದ್ದ. ಅಂಬರೀಶನ ಕೈ ಕುಲುಕಿ, “ಆರ್ಟಿಸ್ಟ್ ನೀವೇ ಅಲ್ವಾ? ಕಂಗ್ರಾಟ್ಸ್ ಸರ್. ಮೊದಲನೇ ದಿನಾನೇ ಫುಲ್ ಸೇಲು! ನಮ್ಮ ಅದೃಷ್ಟ ಇಲ್ಲ ಬಿಡಿ” ಎಂದು ಹೇಳಿ ಕಾರು ಹತ್ತಿ ಹೊರಟುಹೋದ.

ಫುಲ್ ಸೇಲೇ? ಅಂಬರೀಶ ಒಳಗೆ ಬಂದು ನೋಡುತ್ತಾನೆ, ಒಂದೊಂದು ಚಿತ್ರಕ್ಕೂ ಒಂದೊಂದು ಕೆಂಪು ಚುಕ್ಕೆ! ಅವನು ತಂದ ಸ್ಟಿಕರ್ ಅಲ್ಲ; ಹಣೆಗಿಡುವ ಬೊಟ್ಟಿನ ಸ್ಟಿಕರ್. ಒಂದೆರಡಕ್ಕೆ ನಡುವೆ ಹೊಳೆಯುವ ಕಲ್ಲೂ ಇತ್ತು.

“ದೊಡ್ಡಮ್ಮಾ, ಇದೇನಿದು?”

“ನಾನು ಕೇಳ್ಬೇಕು ಕಣೋ ಅದನ್ನ” ಎಂದರು ವೆಂಕಟರತ್ನಮ್ಮ. “ಬಾಗಿಲ ಹತ್ರ ಇರೋದಕ್ಕೆ ಮಾತ್ರ ಬೊಟ್ಟಿಟ್ಟು ಮಿಕ್ಕಿದ್ದಕ್ಕೆಲ್ಲ ಬಿಟ್ಟಿದೀಯಲ್ಲಾ, ಎಲ್ಲಾ ನೀನೇ ಹೆತ್ತ ಮಕ್ಕಳಲ್ವಾ? ಶುಕ್ರವಾರ ಬೇರೆ. ನನ್ ಪರ್ಸಲ್ಲಿ ಒಂದ್ ಪ್ಯಾಕೆಟ್ ಇತ್ತು, ಪುಣ್ಯ.”

“ಅಯ್ಯೋ, ಬೊಟ್ಟು ಅಂದ್ರೆ ಮಾರಾಟ ಆಗಿದೆ ಅಂತ! ಈಗ ಹೋದೋರು ಯಾರು?”

“ನಂದಿ ಕಡೆಯೋರಂತೆ, ಮುರಳಿಮೋಹನ್ ಅಂತ. ಬೆಟ್ಟದ ಕೆಳಗೆ ರೆಸಾರ್ಟ್ ಕಟ್ಟವ್ರಂತೆ. ಎಲ್ಲಾ ನೋಡಿ ನೋಡಿ ಮುಖ ಸಣ್ಣದ್ ಮಾಡ್ಕೊಂಡ್ ಹೋದ್ರು.”

ಅಂಬರೀಶ ತಲೆಯ ಮೇಲೆ ಕೈಹೊತ್ತುಕೊಂಡ. ನಂದಿಯೆಂದರೆ ನಮ್ಮ ಜಿಲ್ಲೆಯೇ, ನಮ್ಮ ಗಾಳಿಯೇ. ಇಷ್ಟು ವರ್ಷಕ್ಕೆ ನಮ್ಮ ಕಡೆಯವನೊಬ್ಬ ಕೊಳ್ಳಲು ಬಂದು, ಕೊಳ್ಳಲಾರದೆ ಹೋದನಲ್ಲ! ಸರಸರನೆ ಹೋಗಿ ಒಂದು ಬೊಟ್ಟಿಗೆ ಉಗುರು ಹಾಕಿದ. ಬಿಸಿಲಿಗೆ ಮೇಣ ಮೆತ್ತಗಾಗಿತ್ತು. ಬೊಟ್ಟಿನ ಜೊತೆಗೆ ಒಂದು ಚಕ್ಕೆ ಮೇಣವೂ ಎದ್ದುಬಂತು. ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು.

“ಇಟ್ಟ ಬೊಟ್ಟು ಕೀಳ್ತಾರೇನೋ!” ಎಂದು ವೆಂಕಟರತ್ನಮ್ಮ ಅವನ ಕೈಗೆ ಹೊಡೆದು, ಆ ಬೊಟ್ಟನ್ನು ಕಿತ್ತುಕೊಂಡು ಅದೇ ಜಾಗಕ್ಕೆ ಒತ್ತಿದರು. “ಹೋಗು, ಆ ಮನುಷ್ಯನ್ನ ಹಿಡ್ಕೊಂಡ್ ಬಾ. ಇಲ್ಲಿದ್ದು ನಾನು ನೋಡ್ಕೋತೀನಿ.”

ನೋಡಿಕೊಳ್ಳುತ್ತೇನೆಂದರೆ ಏನು ನೋಡಿಕೊಳ್ಳುತ್ತಾರೆ ಎಂದು ಕೇಳುವಷ್ಟು ವ್ಯವಧಾನ ಅವನಿಗೆಲ್ಲಿತ್ತು? ಸ್ಕೂಟರ್ ಒದ್ದು ಚಿಕ್ಕಬಳ್ಳಾಪುರದ ರಸ್ತೆ ಹಿಡಿದ. ಟೊಮೇಟೊ ಲಾರಿಯ ಹಿಂದೆ ಸಿಕ್ಕಿಕೊಂಡು ಹೊಗೆ ಕುಡಿದ, ಕುರಿಮಂದೆಯ ನಡುವೆ ನಿಂತು ಕುರಿಯಾದ. ಕೊನೆಗೆ ಎಳನೀರಿನ ಗಾಡಿಯ ಹತ್ತಿರ ಆ ಕಾರು ಕಂಡಿತು. ಮುರಳಿಮೋಹನ್ ಕೊಳವೆ ಬಾಯಲ್ಲಿಟ್ಟುಕೊಂಡು ನಿಂತಿದ್ದ.

ಅಂಬರೀಶ ಮಾನ ಮರ್ಯಾದೆಯನ್ನೆಲ್ಲ ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ಸುಳ್ಳು ಚುಕ್ಕೆಯಿಂದ ಹಿಡಿದು ಕಲ್ಲಿನ ಬೊಟ್ಟಿನವರೆಗೆ ಎಲ್ಲವನ್ನೂ ಒಪ್ಪಿಕೊಂಡ. ಮುರಳಿಮೋಹನ್ ನಕ್ಕ ನಗುವಿಗೆ ಎಳನೀರು ಮೂಗಿಗೇರಿತು.

“ಹಂಗಾದ್ರೆ ಒಂದೂ ಹೋಗಿಲ್ವಾ? ಒಳ್ಳೇದೇ ಆಯ್ತು ಬಿಡಿ! ನಮ್ ರೆಸಾರ್ಟ್ ರೂಮಿಗೆಲ್ಲ ಒಂದೊಂದು ಬೇಕು. ನಮ್ ಕಡೆ ರೇಷ್ಮೇನೇ ನಮ್ ಗೋಡೆ ಮೇಲಿರ್ಲಿ ಅಂತ ಆಸೆ. ಅಷ್ಟೂ ನಾನೇ ತಗೋತೀನಿ, ನಡೀರಿ.”

ಅಷ್ಟೂ! ವಾಪಸು ಬರುವಾಗ ಅಂಬರೀಶ ದಾರಿಯಲ್ಲಿ ಸಿಕ್ಕ ಎಲ್ಲ ದೇವರಿಗೂ ಕೈಮುಗಿದ. ಸಾರು ಕಳಿಸಿದ ವೆಂಕಟರತ್ನಮ್ಮನಿಗೆ, ಕೆಲಸಕ್ಕೆ ಬಾರದ ಗೂಡನ್ನು ಸುಮ್ಮನೆ ಕೊಟ್ಟ ರೀಲರ್‌ಗಳಿಗೆ, ಮಾತಲ್ಲಿ ಚುಚ್ಚಿ ಸಂಬಳದಲ್ಲಿ ಸಾಕಿದ ರೂಪಳಿಗೆ, ಎಲ್ಲರಿಗೂ ಮನಸ್ಸಿನಲ್ಲೇ ಮುಗಿದ. ಕುರಿಗಳಿಗೂ ಒಂದು ಮುಗಿದನೆಂದು ಕಾಣುತ್ತದೆ.

ಹಾಲಿನ ಬಾಗಿಲಿಗೆ ಬಂದು ನೋಡಿದರೆ ಹೆಂಗಸರಿಲ್ಲ. ಚಿತ್ರಗಳೂ ಇಲ್ಲ! ಗೋಡೆಯ ತುಂಬ ಬರೀ ಮೊಳೆಗಳು. ವೆಂಕಟರತ್ನಮ್ಮ ಒಬ್ಬರೇ ಜಮಖಾನ ಮಡಚುತ್ತಿದ್ದರು.

“ದೊಡ್ಡಮ್ಮಾ... ಚಿತ್ರ?”

“ಎಲ್ಲಾ ಹೋಯ್ತು!” ಎಂದು ಅವರು ಮುಖ ಅರಳಿಸಿದರು.

“ಮಾರಾಟ ಆಯ್ತಾ?”

“ಮಾರೋದೇನೋ ಅಪಶಕುನದ ಮಾತು? ಕುಂಕುಮ ಇಟ್ಟು ಕರೆದ್ಮೇಲೆ ಬಂದ ಹೆಣ್ಮಕ್ಕಳನ್ನ ಬರಿಗೈಲಿ ಕಳಿಸ್ತಾರಾ? ಕಾಫಿ ಕುಡಿದು ಎಲ್ಲಾ ಬಾಗಿಲ ಹತ್ರ ಬಂದು ನಿಂತ್ಕೊಂಡ್ರು. ತಾಂಬೂಲಕ್ಕೆ ಏನಿಟ್ಟಿದೀಯಾ ಅಂತ ಹುಡುಕ್ತೀನಿ, ಒಂದು ಬ್ಲೌಸ್ ಪೀಸ್ ಇಲ್ಲ, ಒಂದು ಡಬ್ಬಿ ಇಲ್ಲ! ದೇವುಡಾ, ನನ್ ಜೀವ ಬಾಯಿಗೆ ಬಂತು. ಆಮೇಲೆ ಹೊಳೀತು. ಎಲೆ ಅಡಿಕೆ ತರಿಸಿ, ಮೇಲೊಂದೊಂದು ಚಿತ್ರ ಇಟ್ಟು ಕೊಟ್ಟೆ. ನಿನ್ ಮಾನ ಉಳೀತು ನಾಯನಾ.”

ಅಂಬರೀಶ ಮಡಚಿದ ಜಮಖಾನದ ಮೇಲೆ ಕುಸಿದು ಕೂತ. ಮುರಳಿಮೋಹನ್, “ಕೂತ್ರೆ ಆಗಲ್ಲ ಸರ್, ಏಳಿ. ಮನೆಮನೆಗೆ ಹೋಗಿ ಕೇಳಣ. ದುಡ್ಡು ಬೇಕಾದ್ರೆ ಅವರಿಗೂ ಒಂದಿಷ್ಟು ಕೊಡ್ತೀನಿ” ಎಂದ. “ಕೇಳ್ ನೋಡ್ರಿ” ಎಂದು ವೆಂಕಟರತ್ನಮ್ಮ ತಾವೂ ಹಿಂದೆ ಹೊರಟರು.

ಮೊದಲನೆಯ ಮನೆಯಲ್ಲಿ ಚಿತ್ರ ಆಗಲೇ ಟಿವಿಯ ಮೇಲಿತ್ತು. “ಶುಕ್ರವಾರ ಕೊಟ್ಟ ತಾಂಬೂಲ ಮಾರ್ಕೊಂತಾರಾ? ಮನೇಗೆ ಬಂದ ಲಕ್ಷ್ಮಿ ಅದು” ಎಂದರು. ಎರಡನೆಯ ಮನೆಯಲ್ಲಿ ಮದುಮಕ್ಕಳ ಫೋಟೋವನ್ನು ಪಕ್ಕಕ್ಕೆ ಸರಿಸಿ ಚಿತ್ರಕ್ಕೆ ಜಾಗ ಮಾಡಿದ್ದರು. ಮೂರನೆಯ ಮನೆಯವರಂತೂ ಮುರಳಿಮೋಹನನ ಮಾತು ಮುಗಿಯುವ ಮೊದಲೇ ಚಿತ್ರ ಎತ್ತಿಕೊಂಡು ಒಳಗೆ ಹೋದರು.

ಬೀದಿಯ ಕೊನೆಯದು ಗಂಗುಲಮ್ಮನ ಮನೆ. ಆಕೆ ಹಳೇ ಕೈ. ಕುದಿಯುವ ನೀರಿನ ಬಾಣಲೆಯಿಂದ ಗೂಡಿನ ಎಳೆ ತೆಗೆದು ತೆಗೆದು ಬೆರಳು ಬೆಳ್ಳಗೆ ಸುಕ್ಕಾಗಿದ್ದವು. ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು, ಮೇಣದೊಳಗಿನ ಗೂಡಿನ ಮೇಲೆ ಆ ಬೆರಳಾಡಿಸುತ್ತ ಹೊಸಲಿನ ಮೇಲೆ ಕೂತಿದ್ದಳು.

“ಬಾರಪ್ಪಾ ಅಂಬರೀಶಾ. ಇದು ಎರಡು ಹುಳ ಸೇರಿ ಕಟ್ಟಿದ ಡಬ್ಬಲ್ ಗೂಡಲ್ವಾ? ಎಳೇನೇ ಬಿಡಲ್ಲ ಅಂತ ಎಷ್ಟ್ ಎಸ್ದಿದೀನಿ ನಾನು! ನೀನ್ ನೋಡಿದ್ರೆ ಚಿನ್ನದಂಗೆ ಕೂರ್ಸಿದೀಯಾ.” ಆಮೇಲೆ ದನಿ ತಗ್ಗಿಸಿ ಹೇಳಿದಳು. “ನಮ್ ಯಜಮಾನ್ರು ಹೋದ್ಮೇಲೆ ನನ್ನ ಯಾರೂ ಇಂಥದಕ್ಕೆ ಕರೀತಿರ್ಲಿಲ್ಲಪ್ಪಾ. ರತ್ನಮ್ಮ ಬಂದು ಹಣೆಗೆ ಕುಂಕುಮ ಇಟ್ಟು, ಬಾರೇ, ಅಂಬರೀಶನ ಮನೆ ಕಾರ್ಯ, ಅಲ್ಲಿ ಆ ಭೇದ ಎಲ್ಲಾ ಇಲ್ಲ ಅಂದ್ಲು. ಇಷ್ಟ್ ವರ್ಷ ಆದ್ಮೇಲೆ ನನ್ ಕೈಗೆ ಒಂದು ತಾಂಬೂಲ ಬಂತು. ನಿನ್ ಹೊಟ್ಟೆ ತಣ್ಣಗಿರ್ಲಿ.”

ವಾಪಸು ಕೇಳಲು ಬಾಯಿ ತೆರೆದ ಅಂಬರೀಶ, “ಇಟ್ಕೊಳ್ಳಿ ಅಮ್ಮಾ, ಎಲ್ಲಿ ಹಾಕ್ಬೇಕು ಹೇಳಿ” ಎಂದು ತಾನೇ ಕಲ್ಲು ಹುಡುಕಿ ತಂದು ಮೊಳೆ ಹೊಡೆದುಕೊಟ್ಟ. ಹೆಸರುವಾಸಿ ಗ್ಯಾಲರಿಗಳಲ್ಲಿ ನಿಂತಾಗ ಆಗದ ಸಂತೋಷ ಆ ಸುಣ್ಣದ ಗೋಡೆಯ ಮುಂದೆ ಆಯಿತು. ಊರಿನ ಒಂದು ಗೋಡೆ ಸಿಕ್ಕರೆ ಸಾಕೆಂದಿದ್ದವನಿಗೆ ಇಡೀ ಬೀದಿ ಸಿಕ್ಕಿತ್ತು.

ಮುರಳಿಮೋಹನನ ಕಣ್ಣು ಒದ್ದೆಯಾಯಿತು. ಹೊರಗೆ ಬಂದು ಫೋನು ತೆಗೆದ. “ಬಿಡಿ ಸರ್, ಇವುಗಳನ್ನ ಕೇಳೋದು ಪಾಪ. ಹೊಸದಾಗಿ ಮಾಡ್ಕೊಡಿ. ಈಗ್ಲೇ ಅಡ್ವಾನ್ಸ್ ಹಾಕ್ತೀನಿ, ನಿಮ್ ನಂಬರ್ ಹೇಳಿ.”

ಅಂಬರೀಶನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಂತಾಯಿತು. ನಂಬರಿನ ಅರ್ಧ ಹೇಳಿದ್ದ. ಅಷ್ಟರಲ್ಲಿ ವೆಂಕಟರತ್ನಮ್ಮ ಆ ಫೋನಿಗೆ ಅಡ್ಡ ಕೈ ಹಿಡಿದರು.

“ಛೀ ಛೀ, ಏನ್ ಸ್ವಾಮೀ ಇದು! ಇಡೀ ಬೀದೀಗೆ ಸುಮ್ನೆ ಕೊಟ್ಟು ನಿಮ್ ಹತ್ರ ದುಡ್ಡಿಸ್ಕೊಂಡ್ರೆ ಪಂಕ್ತಿಭೇದ ಆಗಲ್ವಾ? ನಮ್ ಮಗು ಅಂಥವನಲ್ಲ. ಮುಂದಿನ ಶುಕ್ರವಾರ ಇನ್ನೊಂದ್ಸಲ ಇಡ್ತಾನೆ. ನಿಮ್ ಮನೆಯೋರ್ನ ಕರ್ಕೊಂಡ್ ಬನ್ನಿ, ತಾಂಬೂಲದಲ್ಲೇ ಕೊಡ್ತೀವಿ. ಅಲ್ವೇನೋ ಅಂಬರೀಶಾ?”

ಅಂಬರೀಶ ಅವರ ಮುಖ ನೋಡಿದ. ಎಷ್ಟೋ ವರ್ಷದ ಸಾರು, ತಾರಸಿಯ ಶೆಡ್ಡು, ಗಂಗುಲಮ್ಮನ ಹಣೆಯ ಕುಂಕುಮ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ನಿಂತವು.

“ಹೌದು ದೊಡ್ಡಮ್ಮಾ” ಎಂದ.

ಮುರಳಿಮೋಹನ್ ನಿಧಾನವಾಗಿ ಫೋನನ್ನು ಜೇಬಿಗೆ ಇಳಿಬಿಟ್ಟ. ಏನನ್ನೋ ಎಣಿಸುವವನಂತೆ ಬೆರಳು ಮಡಚಿದ. ಆಮೇಲೆ ಬಹಳ ಭಕ್ತಿಯಿಂದ ಕೈಮುಗಿದು ಕೇಳಿದ.

“ಅಮ್ಮಾ, ನಮ್ದು ಕೂಡು ಕುಟುಂಬ. ಅತ್ತಿಗೇರು, ನಾದಿನೀರು, ಚಿಕ್ಕಮ್ಮಂದಿರು... ರೂಮಿಗೊಬ್ಬರಂಗೆ ಇದಾರೆ. ಎಲ್ಲಾರ್ನೂ ಕರ್ಕೊಂಡ್ ಬರಬಹುದಾ?”