ಅಜ್ಜಿಯ ಕೈಗೆಟುಕುವ ಗೀಸರ್

ಹಳೇ ಮನೆಯಲ್ಲಿ ಒಂದು ಮೊಳೆ ಹೊಡೆಯಲು ಹೋದರೂ ಗಾರೆಗಿಂತ ಮೊದಲು ಜಗಳ ಉದುರುತ್ತದೆ. ಮದ್ದೂರಿನ ಹತ್ತಿರದ ನಮ್ಮ ಹೆಂಚಿನ ಮನೆಯಲ್ಲಿ ಬಚ್ಚಲಿನ ತಾಮ್ರದ ಹಂಡೆ ತೂತಾಗಿ, ತನ್ನ ಒಲೆಯನ್ನು ತಾನೇ ಆರಿಸಿದಾಗಲೂ ಹಾಗೇ ಆಯಿತು. ಗೀಸರ್ ತರೋಣವೆಂದು ಎಲ್ಲರೂ ಒಪ್ಪಿದರು. ಅದನ್ನು ಎಲ್ಲಿ ಹಾಕುವುದು ಎಂಬಲ್ಲಿ ಮಾತ್ರ ಒಬ್ಬರಿಗೊಬ್ಬರು ಒಪ್ಪಲಿಲ್ಲ.

ನನಗೆ ಆ ಬಚ್ಚಲೆಂದರೆ ಅರೆನಿದ್ದೆಯ ಜಾಗ. ಮಂಡ್ಯದ ಆಫೀಸಿಗೆ ರೈಲು ಹಿಡಿಯುವ ಮೊದಲು, ಹೊಗೆ ಮತ್ತು ಸೀಗೆಪುಡಿಯ ವಾಸನೆಯಲ್ಲಿ, ಅಜ್ಜಿಯ ಭುಜಕ್ಕೆ ಒರಗಿ ತೂಕಡಿಸುತ್ತಿದ್ದೆ. ಅಜ್ಜಿ ಒಲೆಯ ಮುಂದೆ ಮಣೆ ಹಾಕಿಕೊಂಡು, ಅಂಗೈ ಚಾಚಿ, ಬೆಂಕಿ ನೋಡುತ್ತಾ ಯಾವ ಕಾಲದಲ್ಲೋ ಇರುತ್ತಿದ್ದಳು. ಹಂಡೆ ಕಿತ್ತ ದಿನ ಅವಳು ಕೇಳಿದ್ದು ಒಂದೇ: "ನೀರು ಎಲ್ಲಾರಾ ಕಾಯ್ಲಿ ಕಣವ್ವ. ನಾನೆಲ್ಲಿ ಕುಂತ್ಕಳ್ಲಿ?"

ಸೂರ್ಯನ ಉಪಕಾರ

ಮಳವಳ್ಳಿಯಿಂದ ಬಂದಿದ್ದ ಸೋದರಮಾವ, "ಗೀಸರ್ ಯಾಕೆ? ಮೇಲೆ ಸೋಲಾರ್ ಕೂರಿಸ್ಬುಡಿ" ಎಂದರು.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತಿ ಪೂಜೆ ಮಾಡುವವಳು ಅಜ್ಜಿ. "ಪೂಜೆ ಮಾಡಕ್ಕೆ ನಾನು ಎಂಚು ಅತ್ಬೇಕೇನಪ್ಪ?" ಎಂದಳು.

"ಕೆಳಗಿಂದ್ಲೇ ಕೈಮುಗೀರವ್ವ. ಕಾಯ್ಸೋನು ಸೂರ್ಯ ತಾನೆ?"

"ಅವನಿಗೆ ದಿನಾ ಕೈಮುಗೀತಾ ಇವ್ನಿ. ಒಂದಿನಾರಾ ಒಂದು ಚೊಂಬು ನೀರು ಕಾಯ್ಸಿಕೊಟ್ಟವ್ನಾ?"

ಮಾವ ಕಾಫಿ ಕುಡಿದು ಮಳವಳ್ಳಿ ಬಸ್ಸು ಹತ್ತಿದರು.

ಕಿಟಕಿಯಾದ ಗೋಡೆ

ಅಪ್ಪ ಮಂಡ್ಯದಿಂದ ಗೀಸರ್ ತಂದೇಬಿಟ್ಟರು. ಬಚ್ಚಲಿಗೂ ಅಡುಗೆಮನೆಗೂ ನಡುವಿನ ಗೋಡೆಗೆ ಹಾಕಿ ಎಂದರು. ಅದು ಮಣ್ಣಿನ ಗೋಡೆ. ಮದ್ದೂರಿನ ಪ್ಲಂಬರ್ ಡ್ರಿಲ್ ಇಟ್ಟದ್ದೇ ತಡ, ಮುದ್ದೆ ಮುದ್ದೆಯಾಗಿ ಮಣ್ಣು ಉದುರಿ, ಆಚೆ ಕಡೆಯಿಂದ ಒಗ್ಗರಣೆಯ ಘಮ ಬಂತು.

ಪ್ಲಂಬರ್ ತೂತಿನೊಳಗೆ ಇಣುಕಿ, "ಇಲ್ಲಿ ಗೀಸರ್ ನಿಲ್ಲಲ್ಲ ಸಾಮಿ. ಕಿಟ್ಕಿ ಮಾಡ್ಕಂಡ್ರೆ ಚೆನ್ನಾಗಿರ್ತದೆ" ಎಂದ.

ತೂತಿನಿಂದ ಅಮ್ಮನ ಕೈ ಕಾಫಿ ಲೋಟ ಹಿಡಿದು ಹೊರಬಂತು. "ಎಂಗೂ ಕಿಟ್ಕಿ ಆಗೋಯ್ತಲ್ಲ, ತಕಳಪ್ಪ."

ಅಪ್ಪನಿಗೆ ಸ್ನಾನವಾದ ಕೂಡಲೇ ಕಾಫಿ ಸಿಗುವುದು ಇವತ್ತಿಗೂ ಅಲ್ಲಿಂದಲೇ.

ಎತ್ತರದ ಪ್ರಶ್ನೆ

ಉಳಿದದ್ದು ಹಳೇ ಒಲೆಯ ಹಿಂದಿನ ಇಟ್ಟಿಗೆ ಗೋಡೆ. ಪ್ಲಂಬರ್ ತಲೆಯ ಮೇಲಕ್ಕೆ ಗುರುತು ಹಾಕಿದ. ಅಜ್ಜಿ ಅದನ್ನು ಸೆರಗಿನಿಂದ ಒರೆಸಿ, ಮಣೆಯ ಮೇಲೆ ಕೂತು ಕೈಚಾಚಿ, "ಪಟ್ಟೆ ಬಳಿಯೋಳು ನಾನು. ಇಲ್ಲಿಗಾಕು" ಎಂದಳು. ಗೀಸರ್ ಸೊಂಟದ ಎತ್ತರಕ್ಕೆ ಬಂದು ನಿಂತಿತು.

ಮಾರನೇ ದಿನ ಅಪ್ಪ ಸೋಪು ಮೆತ್ತಿದ ಕಣ್ಣು ಮುಚ್ಚಿಕೊಂಡು ಬಗ್ಗಿ ಚೊಂಬು ಹುಡುಕಿದರು. ಠಣ್ಣೆಂದಿತು. ಹಬ್ಬಕ್ಕೆ ಮೊದಲೇ ಗೀಸರಿಗೆ ತಲೆಬಾಗಿದವರು ನಮ್ಮಪ್ಪ.

ಊದುಕೊಳವೆ

ಹಬ್ಬ ಕಳೆದು ಚಳಿ ಬಂತು. ಗೀಸರಿನ ಕೆಂಪು ದೀಪದ ಮುಂದೆ ಅಜ್ಜಿಯ ಮಣೆ. ಅಜ್ಜಿ ಎಂದಿನಂತೆ ಅಂಗೈ ಚಾಚಿದ್ದಳು.

"ಬಿಸಿ ಬತ್ತದಾ ಅಜ್ಜಿ?"

"ಕೆಂಪಗದೆಯಲ್ಲ, ಸಾಕು ಕಣವ್ವ."

ಸದ್ಯ, ಅವಳ ಜಾಗ ಉಳಿಯಿತು ಎಂದು ಭುಜಕ್ಕೆ ಒರಗಿ ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟರೆ ದೀಪ ಆರಿತ್ತು. ಅಪ್ಪ ಸ್ವಿಚ್ಚು ಒತ್ತಿದರು, ಫ್ಯೂಸು ನೋಡಿದರು, ಲೈನ್‌ಮನ್‌ಗೆ ಫೋನ್ ಹಚ್ಚಿದರು. ಅಜ್ಜಿ ಮಣೆಯ ಪಕ್ಕದಿಂದ ಊದುಕೊಳವೆ ತೆಗೆದು ದೀಪಕ್ಕೆ ಊದಿದಳು.

"ಕರೆಂಟು ಓಗ್ಬುಟ್ಟದೆ ಅಜ್ಜಿ!"

"ನಂಗೊತ್ತಿಲ್ವಾ? ಸುಮ್ಕೆ ಕುಂತಿರಕ್ಕಾಯ್ತದಾ?" ಎಂದು ಇನ್ನೊಮ್ಮೆ ಊದಿದಳು.

ದೀಪ ಹತ್ತಿತು.

ಅಜ್ಜಿ ಕೊಳವೆಯನ್ನು ಸೆರಗಿನಲ್ಲಿ ಒರೆಸಿಟ್ಟು ಅಪ್ಪನತ್ತ ತಿರುಗಿದಳು. "ಫೋನು ಮಡುಗ್ಲಾ. ಅಸಿ ಸೌದೆಗಿಂತ ವಾಸಿ ಕಣ್ಲಾ, ಎಲ್ಡೇ ಸಲ ಊದಿದ್ಕೆ ಅತ್ಕಂತು."

ಮಾರನೇ ಬೆಳಿಗ್ಗೆ ಮತ್ತೆ ಕರೆಂಟು ಹೋಯಿತು. ಗೋಡೆಯ ತೂತಿನಿಂದ ಅಮ್ಮನ ದನಿ ಬಂತು: "ಅತ್ತೆ, ಚಟ್ನಿ ಅರ್ಧಕ್ಕೇ ಮಿಕ್ಸಿ ನಿಂತೋಯ್ತು. ಒಸಿ ಊದ್ರತ್ತೆ!"