ಹಲಗೆಗಳಿಗೆ ಇಕಾಮಾ

ನನ್ನ ಹೆಂಡತಿಯ ಅಣ್ಣ ಮನುಷ್ಯರಿಗಿಂತ ಮರದ ಹಲಗೆಗಳಿಗೇ ಹೆಚ್ಚು ಮರ್ಯಾದೆ ಕೊಡುತ್ತಾರೆ ಎಂದರೆ ನೀವು ನಂಬುತ್ತೀರಾ? ಹಲಗೆಗಳನ್ನು ಏಸಿ ಕೋಣೆಯಲ್ಲಿ ಮಲಗಿಸಿ, ಮನೆಯ ಯಜಮಾನನಾದ ನನ್ನನ್ನು ಸೋಫಾಕ್ಕೆ ಅಟ್ಟಿದ ಮಹಾನುಭಾವರು ಅವರು!

ಆದದ್ದಿಷ್ಟು. ನನ್ನಾಕೆ ಕುವೈತಿನ ಸಾಲ್ಮಿಯಾದಲ್ಲಿರುವ ನಮ್ಮ ಫ್ಲ್ಯಾಟಿನಲ್ಲೇ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಾಳೆ. ವರ್ಷಗಟ್ಟಲೆ ಟೈಲ್ಸಿನ ಮೇಲೆ ಹೆಜ್ಜೆ ಬಡಿದು ಬಡಿದು ಅವಳ ಹಿಮ್ಮಡಿ ಕೈಕೊಟ್ಟಿತು. ಇಂಥ ಗಟ್ಟಿ ನೆಲವಾದರೆ ಕುಣಿಯುವುದನ್ನೇ ಬಿಡಿ ಎಂದುಬಿಟ್ಟರು ಡಾಕ್ಟರು. ಅವಳು ಮಕ್ಕಳ ತಾಯಂದಿರಿಗೆಲ್ಲ ಫೋನ್ ಮಾಡಿ ಇನ್ನು ಕ್ಲಾಸ್ ಇಲ್ಲ ಎಂದು ಹೇಳಿ, ಏನೂ ಆಗದವಳಂತೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಒಗ್ಗರಣೆಗೆ ಏನು ಸಮಾಧಾನ ಹೇಳುವುದು? ಇದೇ ಊರಿನ ಖೈತಾನ್ ಬಡಾವಣೆಯಲ್ಲಿದ್ದ ಭಾವನಿಗೆ ಫೋನ್ ಹಚ್ಚಿದೆ.

ಭಾವನದು ಬ್ಯಾಂಕಿನ ಕೆಲಸ, ಬಡಗಿಯ ಕನಸು. ತಂಗಿಗೆ ಮರದ ನೆಲ ಹಾಸಿಕೊಡುತ್ತೇನೆಂದು ಮರುದಿನವೇ ನೆಲದ ಮಟ್ಟ ನೋಡುವ ರಸಮಟ್ಟ, ಗರಗಸ, ರಬ್ಬರ್ ಸುತ್ತಿಗೆ ಹೊತ್ತುಕೊಂಡು ಬಂದಿಳಿದರು. ಕಬ್ಬಿಣದ ಸುತ್ತಿಗೆ ಯಾಕೆ ತರಲಿಲ್ಲ ಎಂದು ಕೇಳಿ ಕೆಟ್ಟೆ.

"ಹಲಗೆ ಅಂಚು ನಜ್ಜಿದ್ರೆ ನೀವು ಹೊಸದು ಬೆಳೆಸಿ ಕೊಡ್ತೀರಾ ಭಾವನೋರೆ?"

ಹೋಗಲಿ, ಗೋಂದು ಬಳಿದು ಟೈಲ್ಸಿನ ಮೇಲೇ ಅಂಟಿಸಿದರೆ ಕೆಲಸ ಬೇಗ ಖಲಾಸ್ ಅಲ್ಲವೇ ಎಂದೆ.

"ಕಲ್ಲಿಗೆ ಅಂಟಿಸಿದ್ರೆ ಮರಾನೂ ಕಲ್ಲೇ. ಕೆಳಗೆ ಮರದ ರೀಪು ಹಾಕ್ಬೇಕು, ರೀಪಿನ ಕೆಳಗೆ ರಬ್ಬರ್ ತುಂಡು ಇಡ್ಬೇಕು. ಹೆಜ್ಜೆ ಬಿದ್ರೆ ನೆಲ ಚೂರು ಬಗ್ಗತ್ತೆ. ನೀವಂತೂ ಬಗ್ಗಲ್ಲ, ನೆಲ ಆದ್ರೂ ನನ್ ತಂಗಿ ಹತ್ರ ತಗ್ಗಿ ಬಗ್ಗಿ ನಡೀಲಿ!"

ಅಡುಗೆಮನೆಯಿಂದ ನಗು ಕೇಳಿಸಿತು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದಳು, ಹಾಗಾಗಿ ಆ ಅವಮಾನವನ್ನು ಸಂತೋಷದಿಂದಲೇ ನುಂಗಿಕೊಂಡೆ.

ಓಕ್ ಹಲಗೆಗಳು ಬಂದವು. ಸರಿ, ಯಲ್ಲಾ, ಶುರು ಮಾಡೋಣ ಎಂದು ತೋಳು ಮಡಚಿದರೆ ಭಾವ ಅಡ್ಡ ನಿಂತರು.

"ಈಗಿನ್ನೂ ಬಂದಿವೆ ಭಾವನೋರೆ, ಇಕಾಮಾ ಆಗಿಲ್ಲ! ಈ ದೇಶದಲ್ಲಿ ಇರೋಕೆ ಪರ್ಮಿಟ್ಟೇ ಇಲ್ದೆ ಕೆಲಸಕ್ಕೆ ಹಚ್ಚೋ ಹಾಗಿಲ್ಲ."

ಈ ಊರಿನ ಹವೆಗೆ ಮರ ಹಿಗ್ಗುವುದೋ ಕುಗ್ಗುವುದೋ ಮುಗಿಯುವವರೆಗೆ ಅದನ್ನು ಕೋಣೆಯಲ್ಲಿ ಸುಮ್ಮನೆ ಬಿಡಬೇಕಂತೆ. ಹಾಗೆ ಕೋಣೆ ಹೋಯಿತು, ನಾನು ಸೋಫಾಕ್ಕೆ ಬಂದೆ. ಭಾವ ಬ್ಯಾಂಕಿನಿಂದ ನೇರ ಬಂದು, ತೇವ ಅಳೆಯುವ ಮೀಟರನ್ನು ಜ್ವರ ನೋಡುವವರಂತೆ ಒಂದೊಂದು ಹಲಗೆಗೂ ಒತ್ತಿ, "ಇವತ್ತೂ ಇಲ್ಲ" ಎಂದು ಕಾಫಿ ಕುಡಿದು ಹೋಗುತ್ತಿದ್ದರು. ಈ ದೇಶಕ್ಕೆ ಬಂದಾಗ ನನಗೆ ಒಗ್ಗಿಕೊಳ್ಳಲು ಇಷ್ಟು ಸಮಯ ಯಾರು ಕೊಟ್ಟಿದ್ದರು, ಹೇಳಿ!

ಅಂತೂ ಇಕಾಮಾ ಆಯಿತು. ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ ಹಲಗೆಯ ಅಂಚಿನ ಸೀಳಿನಲ್ಲಿ ಕೂರಬೇಕು. ನಾನು ಹಲಗೆಗಳನ್ನು ಹಿಡಿದುಕೊಳ್ಳುವುದು, ಅವರು ಮರದ ತುಂಡು ಅಡ್ಡವಿಟ್ಟು ಮೆಲ್ಲಗೆ ತಟ್ಟುವುದು. ನಾನು ಅವಸರಪಟ್ಟರೆ "ನಿಧಾನ, ಇದು ಮದುವೆ, ಕುಸ್ತಿ ಅಲ್ಲ" ಎಂದು ಬೈಗುಳ. ಗೋಡೆಯ ಪಕ್ಕ ಸಂದು ಉಳಿದದ್ದನ್ನು ಕಂಡು, ಕೊನೆಗೂ ಇವರ ತಪ್ಪೊಂದು ಸಿಕ್ಕಿತು ಎಂದು ಹಿಗ್ಗಿದೆ. ಸೆಕೆಗಾಲದಲ್ಲಿ ಮರ ಹಿಗ್ಗಲು ಬೇಕೆಂದೇ ಬಿಟ್ಟ ಜಾಗವಂತೆ ಅದು. "ಹಿಗ್ಗೋಕೆ ನಿಮಗೊಬ್ಬರಿಗೇ ಹಕ್ಕಾ?" ಎಂದರು.

ನೆಲ ಮುಗಿದ ದಿನ ಭಾವ ತಂಗಿಯನ್ನು ಕರೆದರು. "ಬಾರೇ, ಒಂದ್ಸಲ ತಟ್ಟಿ ನೋಡು. ಎಲ್ಲಾದ್ರೂ ಕಿರ್ ಅನ್ನತ್ತಾ ಕೇಳಿಸ್ಕೋತೀನಿ" ಎಂದು ಮೂಲೆಯಲ್ಲಿ ಅಡ್ಡಬಿದ್ದು ಹಲಗೆಗೆ ಕಿವಿಯಿಟ್ಟರು.

ಅವಳು ಬರಿಗಾಲಲ್ಲಿ ಬಂದು, ಬಾಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಂಜುತ್ತಲೇ ಒಂದು ಹೆಜ್ಜೆ ತಟ್ಟಿದಳು. ಮುಖ ಕಿವುಚಲಿಲ್ಲ. ಇನ್ನೊಂದು ತಟ್ಟಿದಳು. ಆಮೇಲೆ ನಾವಿಬ್ಬರೂ ಅಲ್ಲಿದ್ದೇವೆ ಎನ್ನುವುದೇ ಅವಳಿಗೆ ಮರೆತುಹೋಯಿತು. ಈ ಮನುಷ್ಯನಿಗೆ ನಾನು ಏನು ಕೊಟ್ಟರೆ ಸಾಕಾದೀತು ಎಂದುಕೊಂಡು ಭಾವನ ಮೂಲೆಯ ಕಡೆ ತಿರುಗಿದೆ.

ಭಾವ ಏಳಲೇ ಇಲ್ಲ. ಬಗ್ಗಿ ನೋಡಿದರೆ ಗೋಡೆಯ ಕಡೆ ತಿರುಗಿದ ಆ ಮುಖವೆಲ್ಲ ಒದ್ದೆ.

"ಏನ್ ಭಾವ, ಸದ್ದು ಬರ್ತಿದ್ಯಾ?" ಎಂದೆ.

"ಬರ್ತಿದೆ ಭಾವನೋರೆ," ಎಂದರು. "ಅವಳಿಗೆ ನಿಲ್ಲಿಸ್ಬೇಡ ಅನ್ನಿ."