ನಮ್ಮತ್ತೆ ಯಾವ ಪಕ್ಷ?

ನಮ್ಮತ್ತೆಯಷ್ಟು ದೊಡ್ಡ ಪಕ್ಷಾಂತರಿ ಈ ರಾಜ್ಯದಲ್ಲಿ ಇನ್ನೊಬ್ಬರಿಲ್ಲ! ಬೇರೆಯವರಿಗೆ ಪಕ್ಷ ಬದಲಿಸಲು ರೆಸಾರ್ಟು ಬೇಕು, ಪತ್ರಿಕಾಗೋಷ್ಠಿ ಬೇಕು, ಹೆಗಲಿಗೆ ಹೊಸ ಶಾಲು ಬೇಕು. ನಮ್ಮತ್ತೆಗೆ ಸಿಟಿ ಬಸ್ಸು ಸಾಕು. ಯಲಹಂಕದಲ್ಲಿ ಹತ್ತುವಾಗ ಒಂದು ಪಕ್ಷ, ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಇನ್ನೊಂದು!

ಅವರು ಗದಗದ ಕಡೆಯವರು. ಮಾವನವರು ತೀರಿಕೊಂಡ ಮೇಲೆ ಕೋಗಿಲಿನ ನಮ್ಮ ಮನೆಗೆ ಬಂದರು. ಯಶವಂತಪುರದಲ್ಲಿ ಹುಟ್ಟಿ ಬೆಳೆದ ನನಗೆ ಅವರ ಮಾತು ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು, ಅವರ ರಾಜಕೀಯ ಅರ್ಥವಾಗಲು ಇನ್ನೂ ಹೆಚ್ಚು. ಕಡೆಗೆ ಸೂತ್ರ ಸಿಕ್ಕಿತು: ನಾಲ್ಕು ಜನ ವಾದ ಮಾಡುವಲ್ಲಿ ಯಾರು ಒಂಟಿಯಾಗುತ್ತಾರೋ ನಮ್ಮತ್ತೆ ಅವರ ಪಕ್ಷ.

ಚುನಾವಣೆ ಘೋಷಣೆಯಾದ ವಾರ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೆ. ಬಸ್ಸಿನಲ್ಲಿ ಕೊರಳಿಗೆ ಕಂಪನಿ ಐಡಿ ಹಾಕಿಕೊಂಡ ಒಬ್ಬ, "ಟ್ಯಾಕ್ಸ್ ಕಟ್ಟೋರು ನಾವು, ಫ್ರೀಯಾಗಿ ಓಡಾಡೋರು ಇವ್ರು. ಇದನ್ನೆಲ್ಲ ಮೊದ್ಲು ಕಟ್ ಮಾಡ್ಬೇಕು ಗುರು" ಎಂದ. ಅಷ್ಟೇ! ಮುಂದಿನ ಸೀಟುಗಳ ಹೆಂಗಸರೆಲ್ಲ ಒಟ್ಟಾಗಿ ಅವನ ಮೇಲೆ ಬಿದ್ದರು. ಪಾಪ, ಒಂಟಿಯಾದ. ನಮ್ಮತ್ತೆ ಗಂಟಲು ಸರಿಮಾಡಿಕೊಂಡರು.

"ಆ ತಮ್ಮ ಹೇಳೂದರಾಗ ಏನ್ ತಪ್ಪೈತಿ? ಸರಕಾರಕ್ಕ ರೊಕ್ಕ ಮ್ಯಾಲಿಂದ ಬೀಳತೈತೇನು?"

ಕೈಯಲ್ಲಿ ಹಿಡಿದಿದ್ದು ಉಚಿತ ಟಿಕೆಟು! ಅವನಿಗೆ ಧೈರ್ಯ ಬಂತು. ಹಿಂದಿನ ಸೀಟಿನ ಗಂಡಸರೂ ದನಿಗೂಡಿಸಿದರು. ಹೆಂಗಸರು ಒಬ್ಬೊಬ್ಬರೇ ಸುಮ್ಮನಾಗಿ, ಕೊನೆಗೆ ಸೊಪ್ಪಿನ ಚೀಲ ಹಿಡಿದ ಒಬ್ಬಳು ಮಾತ್ರ ವಾದಿಸುತ್ತ ಉಳಿದಳು. ಹೆಬ್ಬಾಳ ಬಂತು. ನಮ್ಮತ್ತೆ ಹಿಂದಕ್ಕೆ ತಿರುಗಿದರು.

"ಅಲ್ಲೋ ತಮ್ಮಾ, ಆಕಿ ಸೋಪು ಕೊಳ್ಳೂದಿಲ್ಲ? ಎಣ್ಣಿ ಕೊಳ್ಳೂದಿಲ್ಲ? ಅದರಾಗ ಟ್ಯಾಕ್ಸ್ ಇಲ್ಲೇನು? ನೀ ಒಬ್ಬನ ಕಟ್ಟಾಂವ ಅನಕೊಂಡೀಯೇನು?"

ಐಡಿ ಹುಡುಗ ಕಂಗಾಲಾದ. "ಅಜ್ಜೀ, ನೀವು ಯಾವ ಕಡೆ?"

"ನಾ ಕಿಡಕಿ ಕಡೆ" ಎಂದು ನಮ್ಮತ್ತೆ ಹೊರಗೆ ನೋಡತೊಡಗಿದರು.

ಮನೆಗೆ ಪ್ರಚಾರಕ್ಕೆ ಬಂದವರ ಗತಿ ಕೇಳಬೇಡಿ. ದೊಡ್ಡ ಪಕ್ಷಗಳ ಹುಡುಗರು ಒಂದೊಂದು ದಿನ ಬಂದರು. ಪ್ರತಿಯೊಬ್ಬರ ಮುಂದೆಯೂ ಅವರಿಗೆ ಬೀದಿಯಲ್ಲಿ ಎಷ್ಟು ವಿರೋಧವಿದೆ ಎಂದು ಮೊದಲು ವಿಚಾರಿಸಿಕೊಂಡು, ಅಷ್ಟೇ ಜೋರಾಗಿ ಅವರ ಪರ ಮಾತಾಡಿದರು! ಎಲ್ಲ ಪಕ್ಷಗಳೂ ನಮ್ಮ ಮನೆಯನ್ನು ತಮ್ಮದೇ ಎಂದು ಬರೆದುಕೊಂಡು ಹೋದವು. ನನ್ನ ಗಂಡ ನನ್ನನ್ನು ಅಡುಗೆಮನೆಗೆ ಕರೆದು, "ಅವ್ವ ಯಾರಿಗೆ ಹಾಕ್ತಾಳಂತ ನಿನಗೇನರ ಗೊತ್ತೇನು?" ಎಂದು ಪಿಸುಗುಟ್ಟಿದರು. ಹೆತ್ತ ಮಗನಿಗೇ ಗೊತ್ತಿಲ್ಲದ್ದು ಸೊಸೆಗೆ ಗೊತ್ತಿರುತ್ತದೆಯೇ?

ಆಮೇಲೆ ಬಂದವನು ಇಸ್ತ್ರಿ ಪೆಟ್ಟಿಗೆ. ಅದು ಅವನ ಚಿಹ್ನೆ. ಪಕ್ಷೇತರ. ಕೋಗಿಲಿನ ಹಳೆಯ ಕುಳ, ಶಾಮಿಯಾನದ ಅಂಗಡಿ ಇಟ್ಟುಕೊಂಡಿದ್ದ. ಯಾವ ಪಕ್ಷದ ಸಭೆಯಾದರೂ ಜನ ಕೂರುವುದು ಇವನ ಕೆಂಪು ಕುರ್ಚಿಯ ಮೇಲೆ. ಆದರೆ ಇವನ ಹಿಂದೆ ನಡೆಯಲು ಒಂದು ನರಪಿಳ್ಳೆ ಇರಲಿಲ್ಲ. ಒಬ್ಬನೇ ಬಿಸಿಲಲ್ಲಿ ಗೇಟು ತಟ್ಟಿದ. ಒಂಟಿ! ನಮ್ಮತ್ತೆ ಕರಗಿಹೋಗುತ್ತಾರೆ ಎಂದುಕೊಂಡೆ.

"ಬಾ, ಕುಂದರು. ಏನ್ ಮಾಡಾಂವ ಹೇಳು" ಎಂದರು.

"ಟ್ಯಾಕ್ಸು ಅರ್ಧ ಮಾಡ್ತೀನಿ ಕಣಮ್ಮೋ. ಮನೆ ಕಂದಾಯ ಅರ್ಧ, ಎಲ್ಲಾ ಅರ್ಧ."

"ಹಂಗಾರ ರಸ್ತೆನೂ ಅರ್ಧ ಹಾಕತೀಯೇನು? ನಮ್ಮ ಮನಿ ಯಾವ ಅರ್ಧದಾಗ ಬರತೈತಿ?"

"ಅಂಗಲ್ಲ ಕಣಮ್ಮೋ! ದುಂದು ವೆಚ್ಚ ಕಟ್ ಮಾಡೋದು. ಶಂಕುಸ್ಥಾಪನೆ, ಸನ್ಮಾನ, ಆರ, ತುರಾಯಿ, ವೇದಿಕೆ, ಎಲ್ಲಾ ಬಂದ್!"

"ಶಾಮಿಯಾನಾನೂ?"

"ಅದೂ..." ಎಂದವನ ಮಾತು ಅಲ್ಲೇ ನಿಂತಿತು. ನಾನು ಕೊಟ್ಟ ಮಜ್ಜಿಗೆ ಕೈಯಲ್ಲೇ ಉಳಿಯಿತು. ತನ್ನ ಅಂಗಡಿಗೆ ತಾನೇ ಬೀಗ ಹಾಕಲು ಹೊರಟಿದ್ದೇನೆಂದು ಅವನಿಗೆ ಅಲ್ಲಿಯತನಕ ಹೊಳೆದೇ ಇರಲಿಲ್ಲ!

ಇನ್ನು ಇತ್ತ ತಲೆಹಾಕುವುದಿಲ್ಲ ಎಂದುಕೊಂಡೆ. ಮಾರನೆಯ ದಿನ ಹಾಜರು! "ಯೋಚ್ನೆ ಮಾಡ್ದೆ ಕಣಮ್ಮೋ. ಸರ್ಕಾರಿ ಶಾಮಿಯಾನ ಬಂದ್, ಮದ್ವೆ ಶಾಮಿಯಾನ ಇರ್ಲಿ." ನಮ್ಮತ್ತೆ ಅದನ್ನೂ ಕೆಡವಿದರು. ಅದರ ಮಾರನೆಯ ದಿನ ಇನ್ನೊಂದು ತಂದ. "ಇಲ್ಲ, ನೀವು ಯೋಳೋದು ತಪ್ಪು" ಎಂದು ಮೇಜು ಕುಟ್ಟಿದ. ನಮ್ಮತ್ತೆಯೂ ಕುಟ್ಟಿದರು. ಆಸ್ಪತ್ರೆಯ ಖರ್ಚು ಕಡಿತ ಮಾಡಬಹುದೇ, ಶಾಲೆಯದ್ದು ಮುಟ್ಟಬಹುದೇ, ಆಡದ ವಿಷಯವೇ ಉಳಿಯಲಿಲ್ಲ. ಬೇರೆ ಅಭ್ಯರ್ಥಿಗಳು ಥಣಿಸಂದ್ರ, ಜಕ್ಕೂರು ಸುತ್ತುತ್ತಿದ್ದಾಗ ಈ ಮಹಾನುಭಾವ ನಮ್ಮ ವರಾಂಡದಲ್ಲಿ ಒಂದೇ ಒಂದು ವೋಟಿಗೆ ಪ್ರಚಾರ ಮಾಡುತ್ತಿದ್ದ. ಒಮ್ಮೆ ಅವನ ಹೆಂಡತಿಯೇ ಹುಡುಕಿಕೊಂಡು ಬಂದು ಗೇಟಿನಾಚೆಯಿಂದ, "ನೀವೇನ್ ಎಂಎಲ್ಎ ಆಗಕ್ಕೆ ನಿಂತಿದ್ದೀರೋ, ಈ ಮನೆ ಅಳಿಯ ಆಗಕ್ಕೋ?" ಎಂದು ಕೂಗಿದಳು.

ಮತದಾನವಾಯಿತು. ಎಣಿಕೆಯ ದಿನ ನಮ್ಮತ್ತೆ ಬೆಳಗಿನಿಂದ ಹೂರಣ ರುಬ್ಬಿಸಿ ಹೋಳಿಗೆ ಮಾಡಿದರು. ಕೊನೆಗೂ ಗುಟ್ಟು ಬಯಲಾಗುತ್ತದೆ ಎಂದು ನಾನೂ ನನ್ನ ಗಂಡನೂ ಕಣ್ಣಲ್ಲೇ ಮಾತಾಡಿಕೊಂಡೆವು. ಗೆದ್ದವರ ಹೆಸರು ಟಿವಿಯಲ್ಲಿ ಬರುತ್ತಲೇ ಡಬ್ಬಿ ತುಂಬಿಸಿ, "ನಡಿಯವಾ, ಹೋಗಿ ಬರೋಣು" ಎಂದರು. ಗೆದ್ದ ಪಕ್ಷದ ಆಫೀಸು ಬಂತು. ತಮಟೆ, ಪಟಾಕಿ, ಸೇಬಿನ ಹಾರ. ನಮ್ಮತ್ತೆ ಅತ್ತ ಕತ್ತೂ ತಿರುಗಿಸದೆ ಮುಂದೆ ನಡೆದರು.

ನಿಂತದ್ದು ಶಾಮಿಯಾನದ ಅಂಗಡಿ ಮುಂದೆ. ಗೆದ್ದವರ ಸಂಭ್ರಮಕ್ಕೆ ಕುರ್ಚಿಗಳೆಲ್ಲ ಹೋಗಿದ್ದವು; ಸೋತವನು ಮಡಚಿಟ್ಟ ಟಾರ್ಪಾಲಿನ ಮೇಲೆ ಕೂತಿದ್ದ. ಠೇವಣಿ ಹೋಗಿತ್ತು. ಹೆಂಡತಿ ಮಾತು ಬಿಟ್ಟು ಗೋಡೆ ಕಡೆ ಮುಖ ಮಾಡಿದ್ದಳು. ನಮ್ಮತ್ತೆಯನ್ನು ಕಂಡು ಅವನು ಗಡಬಡಿಸಿ ಎದ್ದ. ಅವನ ಕಣ್ಣು ತುಂಬಿತ್ತು.

"ನಂಗೊತ್ತಿತ್ತು ಕಣಮ್ಮೋ. ಯಾರ್ ಆಕ್ದಿದ್ರೂ ನೀವೊಬ್ರು ನಂಗೆ ಓಟ್ ಆಕಿರ್ತೀರ."

"ಇಲ್ಲೋ ತಮ್ಮಾ" ಎಂದರು ನಮ್ಮತ್ತೆ. "ನಿನಗ ಹಾಕಿಲ್ಲ. ನಿನ್ನ ಲೆಕ್ಕಾಚಾರ ಕಡೀತನಾ ನನಗ ಸರಿ ಅನಸಲಿಲ್ಲ."

ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಗೋಡೆ ಕಡೆ ತಿರುಗಿದ್ದ ಹೆಂಡತಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಇತ್ತ ತಿರುಗಿದಳು. ಅವನು ಪೆಚ್ಚಾಗಿ ಕೇಳಿದ: "ಮತ್ತೆ ಈ ವೋಳ್ಗೆ ಯಾಕಮ್ಮೋ?"

ನಮ್ಮತ್ತೆ ಟಾರ್ಪಾಲಿನ ಮೇಲೆ ಅವನ ಪಕ್ಕದಲ್ಲೇ ಕೂತರು.

"ನಮ್ಮ ಮನಿಯವರು ಇದ್ದಾಗ ದಿನಾ ಮುಂಜಾನೆ ಪೇಪರ್ ಹಿಡಕೊಂಡು ಜಗಳಾಡತಿದ್ವಿ. ಅವರು ಹೌದಂದ್ರ ನಾ ಅಲ್ಲ, ನಾ ಹೌದಂದ್ರ ಅವರು ಅಲ್ಲ. ಅವರು ಹೋದಮ್ಯಾಲ ನಾ ಏನಂದ್ರೂ ಎಲ್ಲಾರೂ ಹೌದು ಅಂತಾರ. ಮಗಾ ಹೌದು, ಸೊಸಿ ಹೌದು. ಮುದುಕಿ ಏನೋ ಅಂತಾಳ, ಅನ್ಲಿ ಬಿಡು ಅಂತ. ನಾ ಅಂದಿದ್ದು ತಪ್ಪು ಅಂತ ಹೇಳಿ, ಯಾಕ ತಪ್ಪು ಅಂತ ಮರುದಿನಾ ಮತ್ತ ಬಂದಾಂವ ನೀ ಒಬ್ಬನ ನೋಡಪಾ."

ಅವನು ಡಬ್ಬಿ ತೆಗೆದು ಹೋಳಿಗೆ ಮುರಿದು ಮೊದಲ ತುಂಡನ್ನು ಹೆಂಡತಿಯ ಕೈಗೆ ಕೊಟ್ಟ.

ಹಿಂತಿರುಗುವಾಗ ಸಂಜೆಯಾಗಿತ್ತು. ಅತ್ತೆಯ ಮುಖ ನೋಡಲು ನನಗೆ ಧೈರ್ಯ ಸಾಲದೆ ರಸ್ತೆಯ ಗುಂಡಿಗಳನ್ನು ನೋಡುತ್ತ ನಡೆಯುತ್ತಿದ್ದೆ.

"ಈ ಸಲ ಬಂದಾವ್ರು ಮನಿ ಕಂದಾಯ ಇಳಸ್ತಾರ ನೋಡು" ಎಂದರು ಅತ್ತೆ, ತಮ್ಮಷ್ಟಕ್ಕೆ.

'ಹೌದತ್ತೆ' ಎಂಬುದು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನುಂಗಿಕೊಂಡೆ.

"ಇಲ್ಲ ಅತ್ತೆ. ಖಂಡಿತ ಇಳಿಸಲ್ಲ. ನೀವು ಹೇಳ್ತಿರೋದು ಶುದ್ಧ ತಪ್ಪು."

ಅವರು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟರು. ಹಿಂದಿನಿಂದ ಬಂದ ಆಟೋದವನು ಹಾರ್ನ್ ಹೊಡೆದ. ಅವರು ಕನ್ನಡಕ ಮೇಲಕ್ಕೆ ಏರಿಸಿ, ನನ್ನನ್ನು ಅಂದೇ ಮೊದಲು ಕಂಡವರಂತೆ ನೋಡಿದರು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ತಪ್ಪಾ? ಹೆಂಗ ತಪ್ಪು? ಹೇಳು ನೋಡೋಣು!"

ಮನೆ ಬಂದಾಗಲೂ ನಮ್ಮಿಬ್ಬರಲ್ಲಿ ಯಾರೂ ಗೇಟು ತೆಗೆಯಲಿಲ್ಲ.